ಚೆಫಲೂಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಸಿಸಿಲಿಗೆ ಹೊರಟಿದ್ದೇವೆ. ಅಲ್ಲಿನ ಕಡಲತೀರದ ಊರು ಚೆಫಲೂವನ್ನು ಪಲೆರ್ಮೊದಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ಸಾಗುವಂತೆ ನೋಡಿದರೆ ಸಾಕೇ, ರಾತ್ರಿ ಉಳಿಯಬೇಕೇ?

ಉಳಿಯಿರಿ. ಊರು ದೊಡ್ಡದೇನಲ್ಲ, ಹಳೇ ಊರನ್ನು ಈ ತುದಿಯಿಂದ ಆ ತುದಿಗೆ ನಡೆಯಲು ಕಾಲು ಗಂಟೆ ಸಾಕು. ಉಳಿಯಿರಿ ಎನ್ನುವುದು ಬಿಸಿಲಿನ ಕಾರಣಕ್ಕೆ. ಊರಿನ ಬೆನ್ನಿಗೆ, ಪೂರ್ವ ದಿಕ್ಕಿನಲ್ಲಿ, ಸುಮಾರು 270 ಮೀಟರ್ ಎತ್ತರದ ‘ಲಾ ರೊಕ್ಕಾ’ ಬಂಡೆ ನಿಂತಿದೆ. ಬೆಳಗಿನ ಹೊತ್ತು ಅದರ ನೆರಳು ಊರಿನ ಮೇಲಿರುತ್ತದೆ. ಬಂಡೆ ಹತ್ತಬೇಕಾದದ್ದು ಆಗಲೇ. ಕೆಥೆಡ್ರಲ್‌ನ ಮುಂಭಾಗ ಪಶ್ಚಿಮಕ್ಕಿದೆ, ಇಳಿಬಿಸಿಲು ಬಿದ್ದಾಗ ಆ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹನ್ನೊಂದಕ್ಕೆ ರೈಲಿಳಿದು ನಾಲ್ಕಕ್ಕೆ ಹೊರಡುವವರಿಗೆ ಇವೆರಡೂ ತಪ್ಪಿ, ನಡುಹಗಲಿನ ಸೆಕೆ ಮತ್ತು ಜನಸಂದಣಿ ಮಾತ್ರ ಸಿಗುತ್ತದೆ.

ತಿಂಗಳನ್ನು ಸರಿಯಾಗಿಯೇ ಆರಿಸಿದ್ದೀರಿ. ಬೇಸಿಗೆಯಿಡೀ ಕಾದ ಸಮುದ್ರ ಸೆಪ್ಟೆಂಬರ್‌ನಲ್ಲೂ ಬೆಚ್ಚಗಿರುತ್ತದೆ. ಮೇ ತಿಂಗಳಲ್ಲಿ ಗಾಳಿ ಹಿತವಾಗಿದ್ದರೂ ನೀರು ಕೊರೆಯುತ್ತದೆ. ಆಗಸ್ಟ್ 15ರ ಫೆರಾಗೊಸ್ತೊ ರಜೆಯ ಹಿಂದೆಮುಂದೆ ಮಾತ್ರ ಆ ಕಡೆ ತಲೆ ಹಾಕಬೇಡಿ.

ಪ್ರಶ್ನೆ: ಪಲೆರ್ಮೊದಿಂದ ರೈಲೋ, ಬಾಡಿಗೆ ಕಾರೋ?

ಚೆಫಲೂ ಒಂದಕ್ಕೇ ಆದರೆ ರೈಲು. ಪಲೆರ್ಮೊ ಚೆಂತ್ರಾಲೆ ನಿಲ್ದಾಣದಿಂದ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ನಿಲ್ದಾಣದ ಫಲಕದಲ್ಲಿ ರೈಲಿನ ಕೊನೆಯ ಊರು ಮಾತ್ರ ದೊಡ್ಡದಾಗಿ ಕಾಣುತ್ತದೆ. ‘ಚೆಫಲೂ’ ಎಂದು ಹುಡುಕುತ್ತಾ ನಿಂತವರ ಕಣ್ಣೆದುರೇ ‘ಮೆಸ್ಸೀನಾ’ ಎಂದು ಬರೆದ ರೈಲು ಹೊರಟುಬಿಡುತ್ತದೆ. ಹಾಗಾಗಿ ಟಿಕೆಟ್ ಕೊಳ್ಳುವಾಗಲೇ ರೈಲಿನ ಸಂಖ್ಯೆ ಬರೆದುಕೊಳ್ಳಿ. ‘ರೆಜೊನಾಲೆ’ ಎಂಬ ಪ್ರಾದೇಶಿಕ ರೈಲಿಗೆ ಮುಂಗಡ ಕಾದಿರಿಸಿದರೂ ದರ ಇಳಿಯುವುದಿಲ್ಲ. ಕಾಗದದ ಟಿಕೆಟ್ಟನ್ನು ಹತ್ತುವ ಮುನ್ನ ಪ್ಲಾಟ್‌ಫಾರ್ಮ್ ಬಳಿಯ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿ. ಹಣ ಕೊಟ್ಟ ಟಿಕೆಟ್ ಕೈಯಲ್ಲಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ಬೀಳುತ್ತದೆ. ಚೆಫಲೂ ನಿಲ್ದಾಣದಿಂದ ಹಳೇ ಊರಿಗೆ ಹತ್ತು ನಿಮಿಷದ ನಡಿಗೆ.

ಕಾರು ತಂದರೆ ತೊಂದರೆ ‘ಝಡ್‌ಟಿಎಲ್’ನದು, ಅಂದರೆ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ, ಕಾರು ಕಂಪನಿಯ ಶುಲ್ಕ ಬೇರೆ. ಹೊರಗೇ ನಿಲ್ಲಿಸಿ.

ಪ್ರಶ್ನೆ: ಕೆಥೆಡ್ರಲ್‌ನಲ್ಲಿ ಏನನ್ನು ಗಮನಿಸಬೇಕು?

ಮೊದಲು ಉಡುಪು: ಭುಜ, ಮಂಡಿ ಮುಚ್ಚಿರಬೇಕು. ಕಡಲಿನಿಂದ ನೇರ ಬರುವವರು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಪೂಜೆಯ ಹೊತ್ತಿನಲ್ಲಿ ಒಳಗೆ ಸುತ್ತಾಡುವಂತಿಲ್ಲ.

ಸಿಸಿಲಿಯ ನಾರ್ಮನ್ ದೊರೆ ಎರಡನೇ ರೋಜರ್ 1131ರಲ್ಲಿ ಇದನ್ನು ಆರಂಭಿಸಿದ. ಗರ್ಭಗೃಹದಂಥ ಅರ್ಧಗುಮ್ಮಟದಲ್ಲಿರುವ ಕ್ರಿಸ್ತನ ಮೊಸಾಯಿಕ್‌ಗೆ (ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ) ಅಲ್ಲೇ ಬರೆದಿರುವ ವರ್ಷ 1148. ಕೆಳಗೆ ನಿಂತು ಫೋಟೊ ತೆಗೆದು ಹೊರಟುಬಿಡಬೇಡಿ. ಚಿಕ್ಕದೊಂದು ಬೈನಾಕ್ಯುಲರ್ ಇದ್ದರೆ ಹಣೆಯ ಮೇಲೆ ಇಳಿಬಿದ್ದ ಎರಡು ಕೂದಲೆಳೆ ಕಾಣುತ್ತವೆ. ಅಷ್ಟು ದೊಡ್ಡ ಮುಖಕ್ಕೆ ಜೀವ ತಂದಿರುವುದೇ ಆ ಎರಡೆಳೆ. ಎಡಗೈಯಲ್ಲಿ ತೆರೆದ ಪುಸ್ತಕದ ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್. ಎರಡರಲ್ಲೂ ‘ನಾನೇ ಲೋಕದ ಬೆಳಕು’ ಎಂಬ ವಾಕ್ಯ. ಕೆಳಗಿನ ಸಾಲಿನಲ್ಲಿ ನಾಲ್ವರು ಪ್ರಧಾನ ದೇವದೂತರ ನಡುವೆ ಮೇರಿ, ಅದರ ಕೆಳಗೆ ಎರಡು ಸಾಲಿನಲ್ಲಿ ಹನ್ನೆರಡು ಶಿಷ್ಯರು.

ರೋಜರ್ ತನ್ನ ಸಮಾಧಿಗೆಂದು 1145ರಲ್ಲಿ ಕೆಂಪುಕಲ್ಲಿನ ಎರಡು ಶವಪೆಟ್ಟಿಗೆಗಳನ್ನು ಇಲ್ಲಿರಿಸಿದ್ದ. ಆದರೆ ಅವನನ್ನು ಹೂಳಿದ್ದು ಪಲೆರ್ಮೊದಲ್ಲಿ. 1215ರಲ್ಲಿ ಮೊಮ್ಮಗ ಎರಡನೇ ಫ್ರೆಡ್ರಿಕ್ ಆ ಪೆಟ್ಟಿಗೆಗಳನ್ನೂ ಅಲ್ಲಿಗೇ ಸಾಗಿಸಿದ. ಪಲೆರ್ಮೊ ಕೆಥೆಡ್ರಲ್‌ಗೆ ಹೋದಾಗ ಅವನ್ನು ಹುಡುಕಿ ನೋಡಿ. ಎರಡೂ ಕಟ್ಟಡಗಳು 2015ರಿಂದ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಯಲ್ಲಿ ಒಂದೇ ತಾಣದ ಭಾಗವಾಗಿವೆ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಮಂಡಿನೋವಿದೆ. ಬಂಡೆ ಹತ್ತಬಹುದೇ?

ಬೇಡ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ: ಸವೆದ ಸುಣ್ಣಕಲ್ಲು ಜಾರುತ್ತದೆ, ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ನೀವು ಹೋಗುವುದಾದರೆ ಹಿಡಿತವಿರುವ ಶೂ, ತಲಾ ಒಂದು ಲೀಟರ್ ನೀರು ಬೇಕು, ಚಪ್ಪಲಿಯಲ್ಲಿ ಹೋಗಬೇಡಿ. ಅರ್ಧದಲ್ಲಿರುವ, ದೊಡ್ಡ ದೊಡ್ಡ ಕಲ್ಲುಗಳನ್ನು ಪೇರಿಸಿ ಕಟ್ಟಿದ ಡಯಾನಾ ಗುಡಿಗೆ ಅರ್ಧ ಗಂಟೆ, ತುದಿಯ ಕೋಟೆಗೆ ಒಂದು ಗಂಟೆ ಎಂದಿಟ್ಟುಕೊಳ್ಳಿ. ಮಳೆ, ಜೋರು ಗಾಳಿ ಇದ್ದರೆ ದಾರಿ ಮುಚ್ಚುವುದುಂಟು.

ಅಮ್ಮನನ್ನು ವಿಯಾ ವಿತ್ತೋರಿಯೊ ಎಮಾನ್ಯುಯೆಲೆ ಬೀದಿಯ ‘ಲಾವತೊಯೊ’ಗೆ ಕರೆದೊಯ್ಯಿರಿ. ಅದು ಊರಿನ ಹಳೆಯ ಬಟ್ಟೆ ಒಗೆಯುವ ಜಾಗ. ಕೆಲವೇ ಮೆಟ್ಟಿಲು ಕೆಳಗೆ, ಸಿಂಹದ ಬಾಯಿಗಳಿಂದ ನೀರು ಕಲ್ಲಿನ ತೊಟ್ಟಿಗಳಿಗೆ ಸುರಿಯುತ್ತದೆ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ. ಒಂದೊಂದು ತೊಟ್ಟಿಯ ಅಂಚಿನಲ್ಲೂ ಬಟ್ಟೆ ಉಜ್ಜಲು ಇಳಿಜಾರಾಗಿ ಕೂರಿಸಿದ ಒಗೆಯುವ ಕಲ್ಲಿದೆ. ಒದ್ದೆ ನೆಲ, ಕೈ ಹಿಡಿದು ಇಳಿಸಿ. ಬಿಸಿಲೇರಿದ ಮೇಲೆ ಮಾಂದ್ರಲಿಸ್ಕಾ ಮ್ಯೂಸಿಯಂಗೆ ಹೋಗಬಹುದು. ಆಂತೊನೆಲ್ಲೊ ದಾ ಮೆಸ್ಸೀನಾ ಬಿಡಿಸಿದ, ನಗುವಂತಿದ್ದೂ ನಗದ ಗಂಡಸಿನ ಪುಟ್ಟ ಭಾವಚಿತ್ರ ಅಲ್ಲಿದೆ.

ಪ್ರಶ್ನೆ: ಸಸ್ಯಾಹಾರಿಗಳಿಗೆ?

ಬದನೆಕಾಯಿಯ ಪಾಸ್ತಾ ಅಲ್ಲಾ ನೋರ್ಮಾ, ಕಡಲೆಹಿಟ್ಟಿನ ಪನೆಲ್ಲೆ ಸಿಗುತ್ತವೆ. ಕರಿದ ಅನ್ನದುಂಡೆ ಅರಾಂಚಿನಾದಲ್ಲಿ ‘ಅಲ್ ಬುರ್ರೊ’ ಎಂದರೆ ಬರೀ ಬೆಣ್ಣೆಯದು ಎಂದುಕೊಳ್ಳಬೇಡಿ, ಸಾಮಾನ್ಯವಾಗಿ ಹಂದಿಮಾಂಸ ಸೇರಿರುತ್ತದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ’ (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಎರಡನ್ನೂ ಹೇಳಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಸ್‌ನಲ್ಲಿ ಪುಟ್ಟ ಮೀನು ಬಂದೀತು.