ನೀವಿಲ್ಲದ 46 ವಾರ ಆ ಮನೆಯ ಗತಿ ಏನು?

ಪ್ರಶ್ನೆ: ನಮಸ್ಕಾರ. ನನಗೂ ನನ್ನ ಹೆಂಡತಿಗೂ ಐವತ್ತೈದು ದಾಟಿದೆ. ಹತ್ತು ವರ್ಷದಿಂದ ರಜೆಗೆ ಹೊರದೇಶಕ್ಕೆ ಹೋಗುತ್ತಿದ್ದೇವೆ. ಪ್ರತಿ ಸಲ ಹೋಟೆಲ್‌ಗೆ ದುಡ್ಡು ಸುರಿಯುವ ಬದಲು ಒಂದು ಬೆಡ್‌ರೂಮಿನ ಸಣ್ಣ ಫ್ಲ್ಯಾಟ್ ಕೊಂಡುಬಿಡೋಣ ಎನ್ನಿಸಿದೆ. ಸೋಸಿ ಸೋಸಿ ನಾಲ್ಕು ಊರು ಉಳಿದಿವೆ: ಸ್ಪೇನಿನ ಮಲಗಾ, ಗ್ರೀಸಿನ ಅಥೆನ್ಸ್, ಟರ್ಕಿಯ ಅಂಟಾಲ್ಯ, ಜಾರ್ಜಿಯಾದ ಬಟೂಮಿ. ಮಾರ್ಚ್‌ನಲ್ಲಿ ಒಂದು ಸಲ, ನವೆಂಬರ್‌ನಲ್ಲಿ ಒಂದು ಸಲ, ಒಟ್ಟು ಆರು ವಾರ ಹೋಗಿ ಇರುತ್ತೇವೆ. ಮಿಕ್ಕ ದಿನ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಖರ್ಚು ಅದರಲ್ಲೇ ಹುಟ್ಟುತ್ತದೆ ಅಂತ ಏಜೆಂಟ್ ಹೇಳುತ್ತಾರೆ. ಮನೆ ಕೊಂಡರೆ ವೀಸಾ ತಲೆನೋವೂ ಇರುವುದಿಲ್ಲವಂತೆ. ಯಾವ ಊರು ಆರಿಸಲಿ?

ಉತ್ತರ: ನಮಸ್ಕಾರ. ನಾಲ್ಕೂ ಚೆಂದದ ಊರುಗಳೇ. ರಜೆಗೆ ಹೋಗಿ ಬಂದವರು ಯಾರೂ ಅವನ್ನು ಬೈಯುವುದಿಲ್ಲ. ಆದರೆ ನೀವು ಈಗ ಹುಡುಕುತ್ತಿರುವುದು ರಜೆಯ ಊರನ್ನಲ್ಲ. ಆರು ವಾರ ನೀವಿರುತ್ತೀರಿ, ಉಳಿದ 46 ವಾರ ಆ ಮನೆ ಒಂಟಿಯಾಗಿ ಇರುತ್ತದೆ. ಊರು ಆರಿಸಬೇಕಾದ್ದು ಆ 46 ವಾರಗಳನ್ನು ನೋಡಿ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಬಟೂಮಿ ಫ್ಲ್ಯಾಟಿಗೆ ಏಪ್ರಿಲ್‌ನಲ್ಲಿ ಅವರ ಜೊತೆ ಹೋಗಿದ್ದೆ. ಹದಿನಾಲ್ಕನೇ ಮಹಡಿ, ಬಾಲ್ಕನಿಯ ಎದುರಿಗೇ ಕಪ್ಪು ಸಮುದ್ರ. ಅಕ್ಟೋಬರ್‌ನಲ್ಲಿ ಬೀಗ ಹಾಕಿ ಹೋಗಿದ್ದರು. ಬಾಗಿಲು ಉಬ್ಬಿಕೊಂಡಿತ್ತು, ಭುಜ ಕೊಟ್ಟು ತಳ್ಳಬೇಕಾಯಿತು. ಒಳಗೆ ಕಾಲಿಟ್ಟ ಕೂಡಲೇ ಮೋರಿ ವಾಸನೆ. ಬಚ್ಚಲಿನ ಜಾಲರಿ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದಲ್ಲ, ಅದೇ ಮೋರಿಯ ಗಾಳಿಯನ್ನು ತಡೆಯುವುದು. ಆರು ತಿಂಗಳಲ್ಲಿ ಅದು ಆರಿಹೋಗಿತ್ತು. ಫ್ರಿಜ್ ಆಫ್ ಮಾಡಿ ಬಾಗಿಲು ಮುಚ್ಚಿಟ್ಟಿದ್ದರು, ಅದರ ರಬ್ಬರ್ ಅಂಚು ಪೂರ್ತಿ ಕಪ್ಪಾಗಿತ್ತು. ಬೀರುವಿನಲ್ಲಿದ್ದ ಚರ್ಮದ ಶೂಗಳಿಗೆ ಹಸಿರು ಬೂಷ್ಟು. ಬೀರು ಸರಿಸಿದರೆ ಅದರ ಹಿಂದಿನ ಗೋಡೆಯೂ ಹಾಗೇ. ಬಟೂಮಿಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಮಾತು ಮಾರಾಟದ ಕರಪತ್ರದಲ್ಲಿ ಇರಲಿಲ್ಲ, ಸುಮ್ನೆ ನೀಲಿ ಆಕಾಶ ಇತ್ತು. ಎರಡು ವಾರದ ರಜೆಯಲ್ಲಿ ಒಂಬತ್ತು ದಿನ ಪೇಂಟರ್ ಜೊತೆಯಲ್ಲೇ ಕಳೆಯಿತು.

ತಿಂಗಳಿಗೆ ಒಂದು ಸಲ ಯಾರಾದರೂ ಬಂದು ಕಿಟಕಿ ತೆಗೆದು, ನಲ್ಲಿ ಬಿಟ್ಟು, ಜಾಲರಿಗೆ ಒಂದು ಚೊಂಬು ನೀರು ಸುರಿದು ಹೋಗಿದ್ದರೆ ಇದರಲ್ಲಿ ಮುಕ್ಕಾಲು ಪಾಲು ಆಗುತ್ತಲೇ ಇರಲಿಲ್ಲ. (ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಅದು ಬೇಗ ಆರುವುದಿಲ್ಲ, ಇದು ಪುಕ್ಕಟೆ ಉಪಾಯ.) ಆದ್ದರಿಂದ ಪ್ರತಿ ಊರಿಗೂ ನನ್ನ ಮೊದಲ ಪ್ರಶ್ನೆ ಇದು: ಅಲ್ಲಿ ನಿಮ್ಮ ಕೀಲಿ ಯಾರ ಹತ್ತಿರ ಇರುತ್ತದೆ? ಆ ವ್ಯಕ್ತಿಯ ಹೆಸರು ಹೇಳಲು ಆಗದಿದ್ದರೆ ಇನ್ನೂ ಮನೆ ಕೊಳ್ಳುವ ಹೊತ್ತು ಬಂದಿಲ್ಲ.

ಇನ್ನು ಬಾಡಿಗೆ. ನಿಮ್ಮ ಏಜೆಂಟ್ ಹೇಳಿದ್ದು ಹತ್ತು ವರ್ಷದ ಹಿಂದಿನ ಲೆಕ್ಕ. ಪ್ರವಾಸಿಗರ ದಿನಬಾಡಿಗೆಯಿಂದ ಊರಿನವರಿಗೇ ಮನೆ ಸಿಗುತ್ತಿಲ್ಲ ಎಂಬ ಸಿಟ್ಟು ಯುರೋಪಿನಲ್ಲಿ ಜಾಸ್ತಿಯಾಗಿದೆ, ಕಾನೂನು ಆ ಸಿಟ್ಟಿನ ಹಿಂದೆಯೇ ಬರುತ್ತಿದೆ. ಮಲಗಾದ 43 ಬಡಾವಣೆಗಳಲ್ಲಿ 2025ರ ಜನವರಿಯಲ್ಲಿ ಹೊಸ ಪ್ರವಾಸಿ ಮನೆಗಳ ನೋಂದಣಿಗೆ ತಡೆ ಬಿತ್ತು. ಅದೇ ವರ್ಷ ಏಪ್ರಿಲ್ 3ರಿಂದ ಇಡೀ ಸ್ಪೇನಿನಲ್ಲಿ ಹೊಸದಾಗಿ ಇಂಥ ಬಾಡಿಗೆ ಶುರು ಮಾಡಲು ಕಟ್ಟಡದ ಮಾಲೀಕರಲ್ಲಿ ಐದರಲ್ಲಿ ಮೂರು ಪಾಲು ಒಪ್ಪಬೇಕು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ಇರುವ ಸುಮಾರು ಹತ್ತು ಸಾವಿರ ಪರವಾನಗಿಗಳನ್ನೂ 2028ರ ನವೆಂಬರ್ ಹೊತ್ತಿಗೆ ಮುಗಿಸುತ್ತೇನೆ ಎಂದು ಘೋಷಿಸಿದೆ. ಅಥೆನ್ಸಿನ ನಡುಮಧ್ಯದ ಮೂರು ವಿಭಾಗಗಳಲ್ಲಿ 2025ರ ಜನವರಿಯಿಂದ ಹೊಸ ನೋಂದಣಿ ಬಂದ್. ಹಳೆಯ ಮಾಲೀಕರ ನೋಂದಣಿ ಮನೆಯ ಜೊತೆ ತಾನಾಗೇ ನಿಮಗೆ ಬರುತ್ತದೆ ಅಂದುಕೊಳ್ಳಬೇಡಿ, ವಕೀಲರಿಂದ ಬರಹದಲ್ಲಿ ಕೇಳಿ. ಟರ್ಕಿಯದು ಎಲ್ಲಕ್ಕಿಂತ ಬಿಗಿ. 2024ರ ಜನವರಿಯಿಂದ 100 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ಪ್ರವಾಸಿಗರಿಗೆ ಕೊಡಬೇಕಾದರೆ ಪರವಾನಗಿ ಬೇಕು, ಅದಕ್ಕೆ ಕಟ್ಟಡದ ಎಲ್ಲ ಮಾಲೀಕರೂ ಒಪ್ಪಬೇಕು. ನಾಲ್ಕನೇ ಮಹಡಿಯ ಅಜ್ಜ ಒಬ್ಬರು ಬೇಡ ಎಂದು ತಲೆಯಾಡಿಸಿದರೂ ನಿಮ್ಮ ಲೆಕ್ಕ ಮುಗಿಯಿತು. ನಿಮ್ಮ ಪಟ್ಟಿಯಲ್ಲಿ ಈ ವಿಷಯದಲ್ಲಿ ಸಡಿಲ ಇರುವುದು ಬಟೂಮಿ ಒಂದೇ. ಆದರೆ ಅಲ್ಲಿ ನಿಮ್ಮಂಥ ಸಾವಿರಾರು ಮಾಲೀಕರು ಅದೇ ಜುಲೈ, ಆಗಸ್ಟ್‌ಗೆ ಅದೇ ಪ್ರವಾಸಿಗರನ್ನು ಕಾಯುತ್ತಿರುತ್ತಾರೆ.

ಹಾಗಾಗಿ ಬಾಡಿಗೆಯನ್ನು ಲೆಕ್ಕದಿಂದ ತೆಗೆದುಹಾಕಿ. ಬಂದರೆ ಲಾಭ, ಅಷ್ಟೇ.

ವೀಸಾ ಮಾತೂ ಹಾಗೇ. ಪೋರ್ಚುಗಲ್ 2023ರಲ್ಲಿ, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮನೆ ಕೊಂಡವರಿಗೆ ಕೊಡುತ್ತಿದ್ದ ಗೋಲ್ಡನ್ ವೀಸಾ, ಅಂದರೆ ಹಣ ಹೂಡಿದವರಿಗೆ ಸಿಗುವ ವಾಸದ ಪರವಾನಗಿ, ನಿಲ್ಲಿಸಿದವು. ಗ್ರೀಸಿನಲ್ಲಿ ಇನ್ನೂ ಇದೆ, ಆದರೆ ಅಥೆನ್ಸಿನಲ್ಲಿ ಸಾಮಾನ್ಯವಾಗಿ 8 ಲಕ್ಷ ಯೂರೋ ಹಾಕಬೇಕು, ಅದೂ 120 ಚದರ ಮೀಟರಿಗೆ ಕಡಿಮೆ ಇಲ್ಲದ ಒಂದೇ ಮನೆಗೆ. ಆ ಮನೆಯನ್ನು ದಿನಬಾಡಿಗೆಗೆ ಕೊಡುವಂತೆಯೂ ಇಲ್ಲ. ಟರ್ಕಿಯಲ್ಲಿ ಮನೆಯ ಆಧಾರದ ಮೇಲೆ ವಾಸದ ಪರವಾನಗಿ ಕೇಳಲು 2 ಲಕ್ಷ ಡಾಲರ್ ಮೌಲ್ಯ ಇರಬೇಕು. ಸಣ್ಣ ಫ್ಲ್ಯಾಟಿಗೆ ಇವು ಯಾವುದೂ ಎಟಕುವುದಿಲ್ಲ. ಷೆಂಗೆನ್ ದೇಶಗಳಲ್ಲಿ (ಸ್ಪೇನ್, ಗ್ರೀಸ್ ಸೇರಿದಂತೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಪ್ರವಾಸಿಗರಿಗೆ 180 ದಿನದಲ್ಲಿ 90 ದಿನ, ಅಷ್ಟೇ ಲೆಕ್ಕ. ಅಲ್ಲಿ ನಿಮ್ಮದೇ ಮನೆ ಇದೆ ಅಂತ ಒಂದು ದಿನವೂ ಜಾಸ್ತಿ ಸಿಗುವುದಿಲ್ಲ. ನಿಮಗೆ ಆರು ವಾರ ಸಾಕು ತಾನೇ? ಹಾಗಾದರೆ ವೀಸಾ ಎಂಬ ಮಾತಿಗೆ ಒಂದು ಪೈಸೆಯನ್ನೂ ಜಾಸ್ತಿ ಕೊಡಬೇಡಿ.

ಈಗ ಖರ್ಚು. ಮಾರಾಟದ ಬೆಲೆಯನ್ನು ಎಲ್ಲರೂ ಚೌಕಾಸಿ ಮಾಡುತ್ತಾರೆ, ವರ್ಷದ ಖರ್ಚನ್ನು ಯಾರೂ ಕೇಳುವುದಿಲ್ಲ. ಅಥೆನ್ಸಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಕೆಳಗಿನ ಲಿಫ್ಟ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಾರೆ. ಕಟ್ಟಡದ ಕೂಡುಖರ್ಚು, ಯಾವ ಮನೆಯದು ಎಷ್ಟು ಪಾಲು ಎಲ್ಲ ಅದರಲ್ಲಿ ಇರುತ್ತದೆ. ಮನೆ ತೋರಿಸುವವರು ಅಡುಗೆಮನೆ ಟೈಲ್ಸ್ ಬಗ್ಗೆ ಮಾತಾಡುತ್ತಿರುವಾಗ ನೀವು ಆ ಹಾಳೆಯ ಫೋಟೊ ಹೊಡೆದುಕೊಳ್ಳಿ. ಸಂಜೆ ಭಾಷೆ ಬಲ್ಲವರಿಂದ ಓದಿಸಿ. ಚಳಿಗಾಲದ ತಿಂಗಳಿನದು ಸಿಕ್ಕರೆ ಇನ್ನೂ ಒಳ್ಳೆಯದು. ಇಡೀ ಕಟ್ಟಡವನ್ನು ಬೆಚ್ಚಗಿಡಲು ಒಂದೇ ಬಾಯ್ಲರ್ ಇದ್ದರೆ ಅದರ ಎಣ್ಣೆಯ ಪಾಲು ನಿಮ್ಮ ಮನೆಗೆ ಬೀಗ ಬಿದ್ದಿದ್ದರೂ ಬರಬಹುದು. ಸ್ಪೇನಿನಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿ ವಾಸ ಇಲ್ಲದ ಮಾಲೀಕರು ಮನೆಯನ್ನು ಬಾಡಿಗೆಗೆ ಕೊಡದೆ ಇಟ್ಟುಕೊಂಡರೂ ಆದಾಯ ತೆರಿಗೆ ಕಟ್ಟಬೇಕು. ಸರ್ಕಾರಿ ದಾಖಲೆಯ ಬೆಲೆಯ ಶೇ 1.1 ಅಥವಾ ಶೇ 2ರಷ್ಟನ್ನು ನಿಮ್ಮ ಆದಾಯ ಎಂದು ಅವರೇ ಊಹಿಸಿಕೊಂಡು, ಯುರೋಪಿನ ಒಕ್ಕೂಟದ ಹೊರಗಿನವರಿಗೆ ಅದರ ಮೇಲೆ ಶೇ 24 ಹಾಕುತ್ತಾರೆ. ಮೊತ್ತ ದೊಡ್ಡದಲ್ಲ. ಆದರೆ ಗೊತ್ತಿಲ್ಲದೆ ಬಿಟ್ಟವರಿಗೆ ಮನೆ ಮಾರುವಾಗ ಕಾಟ. ಕೊಳ್ಳುವಾಗಿನ ತೆರಿಗೆಯೂ ಒಂದೇ ಥರ ಇಲ್ಲ: ಹಳೆಯ ಮನೆಗೆ ಗ್ರೀಸಿನಲ್ಲಿ ಶೇ 3.09, ಮಲಗಾ ಇರುವ ಆಂದಲೂಸಿಯಾದಲ್ಲಿ ಶೇ 7.

ಒಂದು ಹಾಳೆ ತೆಗೆದುಕೊಳ್ಳಿ. ಕೂಡುಖರ್ಚು, ತೆರಿಗೆ, ವಿಮೆ, ಕೀಲಿ ನೋಡಿಕೊಳ್ಳುವವರ ಸಂಬಳ, ವರ್ಷಕ್ಕೊಂದು ರಿಪೇರಿ ಎಲ್ಲ ಬರೆಯಿರಿ. ಮನೆಗೆ ಹಾಕುವ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಸೇರಿಸಿ. ಒಟ್ಟನ್ನು 42ರಿಂದ ಭಾಗಿಸಿ, ಆರು ವಾರ ಅಂದರೆ 42 ರಾತ್ರಿ ಅಲ್ವಾ. ಬಂದ ಅಂಕಿ ನಿಮ್ಮ ಒಂದು ರಾತ್ರಿಯ ಬೆಲೆ. ಹೋಟೆಲಿಗಿಂತ ಅದು ಅಗ್ಗವಾಗಿದ್ದನ್ನು ನಾನು ನೋಡಿದ್ದು ಕಡಿಮೆ. ಹಾಗಂತ ಕೊಳ್ಳಬೇಡಿ ಅನ್ನುತ್ತಿಲ್ಲ. ನಮ್ಮದೇ ಮಂಚ, ನಮ್ಮದೇ ಪಾತ್ರೆ, ಬೀದಿಯಲ್ಲಿ ಗುರುತು ಹಿಡಿದು ನಗುವ ಅಂಗಡಿಯವರು ಇವಕ್ಕೂ ಬೆಲೆ ಇದೆ. ಎಷ್ಟು ಕೊಡುತ್ತಿದ್ದೀರಿ ಎಂದು ಗೊತ್ತಿರಲಿ.

ನೀವು ಹೋಗುವುದು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಎಂದಿರಿ. ಅದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು. ಬಟೂಮಿ, ಅಂಟಾಲ್ಯ ಎರಡಕ್ಕೂ ಬೇಸಿಗೆಯಲ್ಲಿ ವಿಮಾನಗಳ ಸಾಲು, ಚಳಿಗಾಲದಲ್ಲಿ ತುಂಬ ಕಡಿಮೆ. ಎರಡು ಕಡೆ ವಿಮಾನ ಬದಲಿಸಿ, ರಾತ್ರಿ ಎರಡಕ್ಕೆ ಇಳಿದು, ಅರ್ಧ ಅಂಗಡಿ ಮುಚ್ಚಿದ ಬೀದಿಗೆ ಬರುವುದು ಐವತ್ತೈದಕ್ಕೆ ಸಾಹಸ ಅನಿಸಬಹುದು, ಅರವತ್ತೈದಕ್ಕೆ ಅಲ್ಲ. ಅಥೆನ್ಸ್ ಮತ್ತು ಮಲಗಾ ವರ್ಷವಿಡೀ ಬದುಕುವ ಊರುಗಳು. ಪ್ರವಾಸಿಗರು ಹೋದ ಮೇಲೂ ಬೇಕರಿ, ಔಷಧಿ ಅಂಗಡಿ, ಆಸ್ಪತ್ರೆ ತೆಗೆದೇ ಇರುತ್ತವೆ.

ನನ್ನನ್ನು ಕೇಳಿದರೆ, ಅಥೆನ್ಸ್. ಹೊಸ ನೋಂದಣಿ ಬಂದ್ ಆದ ಆ ಮೂರು ವಿಭಾಗಗಳ ಹೊರಗೆ, ಮೆಟ್ರೊಗೆ ನಡೆದು ಹೋಗುವಷ್ಟು ಹತ್ತಿರ, ಲಿಫ್ಟ್ ಇರುವ ಕಟ್ಟಡದಲ್ಲಿ. ಮೂರನೇ ಮಹಡಿಯಾದರೆ ಮೆಟ್ಟಿಲು ಸಾಕು ಎಂದು ಈಗ ಅನಿಸುತ್ತದೆ, ಮಂಡಿ ಹಾಗೆ ಹೇಳುವುದಿಲ್ಲ. ದುಡ್ಡು ಸ್ವಲ್ಪ ಜಾಸ್ತಿ ಇದ್ದು ಸಮುದ್ರ ಪಕ್ಕದಲ್ಲೇ ಬೇಕಾದರೆ ಮಲಗಾ. ಅಂಟಾಲ್ಯವನ್ನು ನಾನು ಬಿಡುತ್ತೇನೆ. ಬಾಡಿಗೆ ನಿಯಮ ಒಂದು ಕಾರಣ. ಇನ್ನೊಂದು, ಭೂಕಂಪದ ದೇಶದಲ್ಲಿ ಕಟ್ಟಡದ ಗಟ್ಟಿತನ ಪರೀಕ್ಷಿಸುವುದು ದೂರದಿಂದ ಆಗುವ ಕೆಲಸವಲ್ಲ. ಕಡ್ಡಾಯ ಭೂಕಂಪ ವಿಮೆ ಅಲ್ಲಿದೆ, ನಿಜ. ವಿಮೆ ದುಡ್ಡು ಕೊಡುತ್ತದೆ, ಗೋಡೆ ಹಿಡಿದು ನಿಲ್ಲಿಸುವುದಿಲ್ಲ. ಗ್ರೀಸಿನಲ್ಲೂ ಭೂಮಿ ನಡುಗುತ್ತದೆ, ಆದ್ದರಿಂದ ಅಲ್ಲೂ ಮುಂಗಡ ಕೊಡುವ ಮೊದಲು ಸ್ವತಂತ್ರ ಎಂಜಿನಿಯರ್ ಕೈಲಿ ಕಟ್ಟಡ ನೋಡಿಸಿ. ವಕೀಲರೂ ನಿಮ್ಮವರೇ ಇರಲಿ, ಏಜೆಂಟ್ ಕರೆತಂದವರು ಬೇಡ.

ಅದಕ್ಕೂ ಮೊದಲು ಈ ಫೆಬ್ರವರಿಯಲ್ಲಿ ಅಲ್ಲಿ ಮೂರು ವಾರ ಬಾಡಿಗೆ ಮನೆಯಲ್ಲಿ ಇದ್ದು ಬನ್ನಿ. ಮಳೆ, ಚಳಿ, ಕತ್ತಲು ಎಲ್ಲ ಇರುವಾಗ. ವಾಪಸ್ ಬರುವ ದಿನ ಇಬ್ಬರಿಗೂ ಬೇಜಾರಾದರೆ ಮುಂದಿನ ಮಾತು.

ಪ್ರಶ್ನೆ: ಜಪಾನಿನ ಯುಜಾವಾ ಎಂಬ ಊರಿನಲ್ಲಿ ಒಂದು ಲಕ್ಷ ಯೆನ್‌ಗೆ ಫ್ಲ್ಯಾಟ್ ಮಾರಾಟಕ್ಕಿದೆ ಎಂದು ನೋಡಿದೆ. ಒಂದು ಒಳ್ಳೆಯ ಫೋನಿನ ಬೆಲೆ! ಇದು ಮೋಸವೇ?

ಉತ್ತರ: ಮೋಸ ಅಲ್ಲ, ನಿಜವಾದ ಮನೆ. ಟೋಕಿಯೊದಿಂದ ಬುಲೆಟ್ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆಯ ದಾರಿ, ಸ್ಕೀಯಿಂಗ್‌ಗೆ ಹೆಸರಾದ ಊರು. 1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ದುಡ್ಡು ಉಕ್ಕುತ್ತಿದ್ದಾಗ ಅಲ್ಲಿ ಎತ್ತರದ ಕಟ್ಟಡಗಳು ಸಾಲಾಗಿ ಎದ್ದವು. ಒಳಗೆ ಬಿಸಿನೀರಿನ ಸ್ನಾನದ ಕೊಳ, ಜಿಮ್, ಈಜುಕೊಳ. ಆಮೇಲೆ ಆ ಬೆಲೆಯೇರಿಕೆಯ ಗುಳ್ಳೆ ಒಡೆಯಿತು. ಕೊಳಗಳು ಮಾತ್ರ ಉಳಿದವು. ಅವನ್ನು ನಡೆಸಲು, ಮಂದವಾಗಿ ಬೀಳುವ ಹಿಮ ತೆಗೆಸಲು ಪ್ರತಿ ಮನೆಯೂ ತಿಂಗಳು ತಿಂಗಳು ನಿರ್ವಹಣೆ ಶುಲ್ಕ, ಅದರ ಜೊತೆ ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ಹಣ ಕಟ್ಟಬೇಕು. ನೀವು ಒಂದು ದಿನವೂ ಹೋಗದಿದ್ದರೂ ಅದು ನಿಲ್ಲುವುದಿಲ್ಲ. ಇನ್ನೊಂದು ಕೊಕ್ಕೆ: ಹಳೆಯ ಮಾಲೀಕರು ಕಟ್ಟದೆ ಬಿಟ್ಟ ಬಾಕಿಯನ್ನು ಜಪಾನಿನ ಕಾನೂನಿನ ಪ್ರಕಾರ ಹೊಸ ಮಾಲೀಕರಿಂದ ವಸೂಲಿ ಮಾಡಬಹುದು. ಸ್ಪೇನಿನಲ್ಲೂ ಸ್ವಲ್ಪ ಹೀಗೇ, ಆ ವರ್ಷದ್ದು ಮತ್ತು ಅದರ ಹಿಂದಿನ ಮೂರು ವರ್ಷದ ಬಾಕಿ ಕೊಂಡವರ ತಲೆಗೆ ಬರುತ್ತದೆ.

ಬಾಕಿ ಎಷ್ಟು, ತಿಂಗಳ ಶುಲ್ಕ ಎಷ್ಟು, ರಿಪೇರಿ ನಿಧಿಯಲ್ಲಿ ಎಷ್ಟು ಹಣ ಇದೆ ಎಂಬ ಮೂರನ್ನು ನಿರ್ವಹಣೆ ಸಂಘದಿಂದ ಕಾಗದದಲ್ಲಿ ತರಿಸಿ. ಪ್ರತಿ ವರ್ಷ ಹಿಮದಲ್ಲಿ ಜಾರಲು ಹೋಗುವವರಿಗೆ ಅದು ಒಳ್ಳೆಯ ವ್ಯವಹಾರವೂ ಆಗಬಹುದು. ಆದರೆ ಹೊರಬರುವುದು ಕಷ್ಟ. ಒಂದು ಲಕ್ಷ ಯೆನ್‌ಗೆ ಅವರು ಮಾರುತ್ತಿರುವುದು ಆ ತಿಂಗಳ ಬಿಲ್ಲನ್ನು ಇನ್ನೊಬ್ಬರಿಗೆ ದಾಟಿಸಲು.

ಪ್ರಶ್ನೆ: ಥಾಯ್ಲೆಂಡಿನ ಫುಕೆಟ್‌ನಲ್ಲಿ ಕಟ್ಟುತ್ತಿರುವ ಕಾಂಡೊಗೆ (ಅಪಾರ್ಟ್‌ಮೆಂಟಿನ ಫ್ಲ್ಯಾಟ್) ಐದು ವರ್ಷ, ವರ್ಷಕ್ಕೆ ಶೇ 7 ಖಾತ್ರಿ ಬಾಡಿಗೆ ಕೊಡುತ್ತಾರಂತೆ. ನಂಬಬಹುದಾ?

ಉತ್ತರ: ಪಕ್ಕದ ಬೀದಿಯಲ್ಲಿ ಅಷ್ಟೇ ದೊಡ್ಡ, ಖಾತ್ರಿ ಇಲ್ಲದ ಹಳೆಯ ಕಾಂಡೊ ಎಷ್ಟಕ್ಕೆ ಮಾರಾಟವಾಗುತ್ತಿದೆ ವಿಚಾರಿಸಿ. ಎರಡರ ನಡುವಿನ ಅಂತರ ಶೇ 35ರ (ವರ್ಷಕ್ಕೆ ಶೇ 7ರಂತೆ ಐದು ವರ್ಷದ್ದು) ಹತ್ತಿರ ಬಂದರೆ ಅವರು ಐದು ವರ್ಷ ಕೊಡುವುದು ನಿಮ್ಮದೇ ದುಡ್ಡು. ಆರನೇ ವರ್ಷ ನಿಮ್ಮ ಕೈಲಿ ಇರುವುದು ಆ ಹಳೆಯ ಕಾಂಡೊದ ಬೆಲೆಯ ಮನೆ. ಅಲ್ಲಿ ಹೋಟೆಲ್ ಪರವಾನಗಿ ಇಲ್ಲದೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವಂತಿಲ್ಲ, ಆದ್ದರಿಂದ ಆ ಕಟ್ಟಡಕ್ಕೆ ಪರವಾನಗಿ ಇದೆಯಾ ಎಂದೂ ಕೇಳಿ.

ಇನ್ನೆರಡು ವಿಷಯ. ಥಾಯ್ಲೆಂಡಿನಲ್ಲಿ ಒಂದು ಕಾಂಡೊ ಕಟ್ಟಡದ ಮಾರಾಟದ ವಿಸ್ತೀರ್ಣದಲ್ಲಿ ಶೇ 49ರಷ್ಟನ್ನು ಮಾತ್ರ ವಿದೇಶಿಯರು ಸ್ವಂತಕ್ಕೆ ಹೊಂದಬಹುದು. ನಿಮಗೆ ತೋರಿಸಿದ್ದು ಆ ಪಾಲಿನೊಳಗಿನದೋ, 30 ವರ್ಷದ ಗುತ್ತಿಗೆಯೋ ಎಂದು ಮೊದಲು ತಿಳಿಯಿರಿ. ಗುತ್ತಿಗೆಯನ್ನೂ ‘ಮಾರಾಟ’ ಅಂತಲೇ ಕರೆಯುವವರು ಇದ್ದಾರೆ. ಎರಡನೆಯದು, ಹಣ ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲೇ ಬಂದಿರಬೇಕು, ಅದಕ್ಕೆ ಅಲ್ಲಿನ ಬ್ಯಾಂಕ್ ಒಂದು ಪತ್ರ ಕೊಡುತ್ತದೆ. ಅದಿಲ್ಲದೆ ನಿಮ್ಮ ಹೆಸರಿಗೆ ನೋಂದಣಿ ಆಗುವುದಿಲ್ಲ, ಮುಂದೆ ಮಾರಿದ ಹಣವನ್ನು ಹೊರಗೆ ಒಯ್ಯುವಾಗಲೂ ಅದನ್ನೇ ಕೇಳುತ್ತಾರೆ. ಹಕ್ಕುಪತ್ರದ ಜೊತೆಯಲ್ಲೇ ಇಟ್ಟುಕೊಳ್ಳಿ.