ಗುಬ್ಬಚ್ಚಿ ರೆಕ್ಕೆಯಲ್ಲಿ ಸಾಲುಗಟ್ಟಿದ ನುಸಿ

ಪ್ರಶ್ನೆ: ಕಿಟಕಿ ಗಾಜಿಗೆ ಬಡಿದು ಬಿದ್ದ ಗುಬ್ಬಚ್ಚಿಯನ್ನು ಎತ್ತಿಕೊಂಡೆ. ರೆಕ್ಕೆಯ ಗರಿಗಳಲ್ಲಿ ಧೂಳಿನಂಥ ಚುಕ್ಕೆಗಳು ಸಾಲಾಗಿದ್ದವು. ಅವು ಹೇನೇ? ಪುಡಿ ಹಾಕಿ ಕೊಲ್ಲಬೇಕಿತ್ತೇ? ಎಲ್ಲ ಹಕ್ಕಿಗಳ ಮೇಲೂ ಇವೇ ಇರುತ್ತವೆಯೇ?

ಉತ್ತರ: ಪುಡಿ ಮಾತ್ರ ದಯವಿಟ್ಟು ಹಾಕಬೇಡಿ. ನೀವು ನೋಡಿದ್ದು ಗರಿ ನುಸಿ. ಹೇನು ಆರು ಕಾಲಿನ ಕೀಟ. ನುಸಿಗೆ ಎಂಟು ಕಾಲು, ಜೇಡ ಮತ್ತು ಉಣ್ಣೆಗಳ ಕಡೆಯದು. ಉದ್ದ ಅರ್ಧ ಮಿಲಿಮೀಟರಿನ ಆಸುಪಾಸು, ಹಾಗಾಗಿ ಬರಿಗಣ್ಣಿಗೆ ಧೂಳಿನಂತೆ ಕಾಣುತ್ತದೆ.

ಹಕ್ಕಿ ಕೈಗೆ ಸಿಕ್ಕಾಗ ನಾನು ಮೊದಲು ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ. ಮಸೂರದಲ್ಲಿ ನೋಡಿದರೆ, ಗರಿಯ ಕೆಳಮೈಯಲ್ಲಿ, ಎಳೆ ಎಳೆಗಳ ಸಂದಿಯಲ್ಲಿ, ಚಪ್ಪಟೆ ಮೈಯ ನುಸಿಗಳು ಒಂದರ ಹಿಂದೊಂದು ಒತ್ತಿಕೊಂಡು ಕೂತಿರುತ್ತವೆ. ಹಾರುವಾಗಿನ ಗಾಳಿಗೆ ಕಿತ್ತುಹೋಗಬಾರದಲ್ವಾ! ಆ ಗರಿ ಉದುರುವ ಕಾಲ ಬಂತೆಂದರೆ ಪಕ್ಕದ ಗರಿಗೆ ಮೊದಲೇ ಗುಳೆ ಹೊರಡುತ್ತವೆ. ನನಗೆ ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿಲ್ಲ.

ಇವು ರಕ್ತ ಹೀರುವುದಿಲ್ಲ. ಬಾಲದ ಬುಡದ ಗ್ರಂಥಿಯಿಂದ ಹಕ್ಕಿ ಕೊಕ್ಕಲ್ಲಿ ತೆಗೆದು ಸವರಿಕೊಳ್ಳುವ ಎಣ್ಣೆ, ಗರಿಗೆ ಅಂಟಿದ ಬೂಷ್ಟು, ಬ್ಯಾಕ್ಟೀರಿಯಾ ಇವುಗಳ ಊಟ. ಕೋಳಿಗೂಡಿನಲ್ಲಿ ರಾತ್ರಿ ಬಂದು ಕಚ್ಚುವ ಕೆಂಪು ನುಸಿಯದು ಬೇರೆಯೇ ಗುಂಪು. ಗರಿಯ ಟೊಳ್ಳಿನೊಳಗೆ ಬದುಕುವ ನುಸಿಯೂ ಬೇರೆ.

ಗರಿ ನುಸಿಗಳಲ್ಲಿ 2,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಡಲಾಗಿದೆ. ಅವನ್ನು ಅನಾಲ್ಗಾಯ್ಡಿಯಾ, ಟೆರೊಲಿಕಾಯ್ಡಿಯಾ ಎಂಬ ಎರಡು ದೊಡ್ಡ ಬಳಗಗಳಾಗಿ ವಿಂಗಡಿಸುತ್ತಾರೆ. ನಿಮ್ಮ ಗುಬ್ಬಚ್ಚಿಯ ಮೇಲಿದ್ದದ್ದು ಬಹುಶಃ ಮೊದಲ ಬಳಗದ ಪ್ರೊಕ್ಟೊಫಿಲೋಡಿಸ್. ಈ ಕುಲದ ಎಷ್ಟೋ ಗಂಡುಗಳಿಗೆ ಮೈಯ ತುದಿಯಲ್ಲಿ ಎಲೆಯಂಥ ಎರಡು ಪುಟ್ಟ ಪಟ್ಟಿಗಳಿರುತ್ತವೆ. ಬಾತುಗಳ ಮೇಲೆ ಸಿಗುವುದು ಫ್ರೆಯಾನಾ, ಇನ್ನೊಂದು ಬಳಗದ್ದು.

ಹೀಗೆ ಹಕ್ಕಿಗೊಂದು ನುಸಿ ಆಗಲು ಕಾರಣ ಗೂಡು. ಮರಿಯ ಗರಿ ಬಲಿಯುವಾಗ ಅಪ್ಪ ಅಮ್ಮನ ಮೈಯಿಂದ ನುಸಿ ದಾಟುತ್ತದೆ. ತಲೆಮಾರುಗಟ್ಟಲೆ ಹೀಗೇ ನಡೆದು, ಹತ್ತಿರದ ಸಂಬಂಧದ ಹಕ್ಕಿಗಳಲ್ಲಿ ಎಷ್ಟೋ ಸಲ ಹತ್ತಿರದ ಸಂಬಂಧದ ನುಸಿಗಳೇ ಸಿಗುತ್ತವೆ. ಎಲ್ಲ ಕಡೆ ಅಲ್ಲ, ಒಂದು ಜಾತಿಯ ನುಸಿ ಹೊಸ ಹಕ್ಕಿಗೆ ನೆಗೆದ ಉದಾಹರಣೆಗಳೂ ಬೇಕಾದಷ್ಟಿವೆ.

ಹಾಗಾದರೆ ಬೇರೆಯವರ ಗೂಡಲ್ಲಿ ಬೆಳೆಯುವ ಕೋಗಿಲೆ ಬಳಗದ ಗತಿ? ಅವುಗಳಿಗೂ ತಮ್ಮದೇ ನುಸಿ ಇದೆ, ಕೊರಾಸಿಯಾಕಾರಸ್ ಎಂದು. ಸಾಕಿದ ತಾಯಿಯಿಂದ ಅದು ಸಿಗುವಂತಿಲ್ಲ. ದೊಡ್ಡದಾದ ಮೇಲೆ ತನ್ನದೇ ಜಾತಿಯ ಹಕ್ಕಿಗಳ ಮೈ ಸೋಕಿದಾಗ, ಬಹುಶಃ ಜೋಡಿಯಾಗುವಾಗ, ಅದು ಬಂದು ಸೇರುತ್ತದೆ.