ಸಿಆರ್‌ಪಿ ಆಕಾರ ಬದಲಾದರೆ ಉರಿಯೂತ ಜಾಸ್ತಿ ಆಗುತ್ತದೆ ಅನ್ನೋದು ನಿಜವಾ?

ಅವ್ವನಿಗೆ ಸಂಧಿವಾತ, ಗದಗಿನ ಲ್ಯಾಬ್‌ನಲ್ಲಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್, ಉರಿಯೂತ ಎದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) 4.8 ಬಂತು, ಅದೇ ವಾರ ಹುಬ್ಬಳ್ಳಿಯಲ್ಲಿ 46 ಬಂತು ಅಂತ ಬರೆದಿದ್ದೀರಿ. ಈ ಪ್ರೋಟೀನಿನ ಆಕಾರ ಬದಲಾದರೆ ಉರಿಯೂತ ಹೆಚ್ಚುತ್ತದೆ ಅಂತ ಓದಿದ್ದೀರಿ, ಅವ್ವನಿಗೆ ಆಗಿರೋದು ಅದೇನಾ ಅಂತ ಕೇಳಿದ್ದೀರಿ.

ಮೊದಲು ಎರಡೂ ರಿಪೋರ್ಟ್ ತೆಗೆದು ಅಂಕಿಯ ಪಕ್ಕದ ಯೂನಿಟ್ ನೋಡಿ. ಗದಗಿನದು ಡೆಸಿಲೀಟರಿಗೆ ಮಿಲಿಗ್ರಾಂ, ಹುಬ್ಬಳ್ಳಿಯದು ಲೀಟರಿಗೆ ಮಿಲಿಗ್ರಾಂ ಇದ್ದರೆ 4.8 ಅಂದರೂ 48 ಅಂದರೂ ಒಂದೇ, 46 ಅದರ ಪಕ್ಕದಲ್ಲೇ ಇದೆ. ಏರಿಯೇ ಇಲ್ಲ. ನಾನು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದಿ ಈಗ ಹುಬ್ಬಳ್ಳಿಯ ಲ್ಯಾಬ್ ಒಂದರಲ್ಲಿ ಇದ್ದೇನೆ. ಇದೊಂದೇ ಗಾಬರಿಗೆ ಹಾವೇರಿಯಿಂದ ಬೆಳಗಿನ ಬಸ್ ಹಿಡಿದು ಬಂದವರನ್ನೂ ನೋಡಿದ್ದೇನೆ. ಹಾಗಂತ 46 ಕಡಿಮೆ ಏನಲ್ಲ. ಅವ್ವನ ಕೀಲುಗಳು ಇನ್ನೂ ಕೆರಳಿರಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಆಕಾರದ ವಿಷಯ. ನೀವು ಓದಿದ್ದು ಸುಳ್ಳಲ್ಲ. ಆದರೆ ಅದು ರಿಪೋರ್ಟಿನ ಅಂಕಿಯಲ್ಲಿ ಕಾಣುವಂಥದ್ದಲ್ಲ.

ಸಿಆರ್‌ಪಿಯನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದರು. ನ್ಯುಮೋನಿಯಾ ಬಂದವರ ರಕ್ತದಲ್ಲಿ ಸಿಕ್ಕಿತು. ದೇಹದಲ್ಲಿ ಎಲ್ಲೋ ಉರಿಯೂತ ಎದ್ದಾಗ ಐಎಲ್-6 ಅನ್ನೋ ಸಂಕೇತ ಲಿವರ್‌ಗೆ ಹೋಗುತ್ತದೆ, ಲಿವರ್ ಸಿಆರ್‌ಪಿ ಮಾಡಿ ರಕ್ತಕ್ಕೆ ಬಿಡುತ್ತದೆ. ಒಂದೇ ಥರದ ಐದು ತುಂಡು ಸೇರಿ ಬಳೆಯಂಥ ಉಂಗುರ ಆಗಿರುತ್ತದೆ. ಒಂದೊಂದು ತುಂಡಿನಲ್ಲೂ 206 ಅಮೈನೋ ಆಮ್ಲ. ರಕ್ತದಲ್ಲಿ ಓಡಾಡುವುದು ಈ ಇಡೀ ಬಳೆ. ಅದರ ಒಂದು ಮುಖ ಕ್ಯಾಲ್ಸಿಯಂ ಸಹಾಯದಿಂದ ಫಾಸ್ಫೋಕೋಲಿನ್ ಅನ್ನೋ ಗುಂಪನ್ನು ಹಿಡಿಯುತ್ತದೆ. ನ್ಯುಮೋನಿಯಾ ರೋಗಾಣುವಿನ ಮೈಮೇಲೂ ಅದು ಇದೆ, ಪೆಟ್ಟು ತಿಂದ ನಮ್ಮದೇ ಜೀವಕೋಶದ ಪೊರೆಯಲ್ಲೂ ಹೊರಗೆ ಕಾಣುತ್ತದೆ.

ಕಥೆ ತಿರುಗೋದು ಈ ಪೊರೆಯ ಮೇಲೇ. ಕೆರಳಿದ ಪ್ಲೇಟ್‌ಲೆಟ್ ಅಥವಾ ಸಾಯುತ್ತಿರುವ ಕೋಶದ ಮೇಲೆ ಕೂತ ಬಳೆ ನಿಧಾನಕ್ಕೆ ಸಡಿಲವಾಗುತ್ತದೆ. ಹಾಗೆ ಸಡಿಲವಾದಾಗ ಇನ್ನೊಂದು ಮುಖ ಕಾಂಪ್ಲಿಮೆಂಟ್ ಅನ್ನೋ ರಕ್ಷಣಾ ಪ್ರೋಟೀನುಗಳನ್ನು ಚೆನ್ನಾಗಿ ಕರೆಯುತ್ತದೆ. ಆಮೇಲೆ ಬಳೆ ಒಡೆದು ಬಿಡಿ ತುಂಡುಗಳಾಗುತ್ತದೆ. ಒಳಗೆ ಮುಚ್ಚಿಕೊಂಡಿದ್ದ ಭಾಗ ಈಗ ಹೊರಗೆ ಬಂತು. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ರಕ್ತನಾಳದ ಒಳಪದರ, ಎಲ್ಲವನ್ನೂ ಈ ತುಂಡು ಕೆರಳಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಹೃದಯದ ರಕ್ತನಾಳದಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆಯಲ್ಲೂ, ಹಾರ್ಟ್ ಅಟ್ಯಾಕ್ ಆದ ಸ್ನಾಯುವಿನಲ್ಲೂ ಇಂಥ ತುಂಡುಗಳು ಸಿಕ್ಕಿವೆ. ಇಡೀ ಬಳೆ ಮಾತ್ರ ರಕ್ತದಲ್ಲಿ ಹೆಚ್ಚೂಕಡಿಮೆ ಸಾಧು.

ಹಳೆಯ ಪ್ರಯೋಗಗಳಲ್ಲಿ ಒಂದಕ್ಕೊಂದು ತಾಳೆ ಆಗದ ಫಲಿತಾಂಶ ಬಂದಿದ್ದಕ್ಕೆ ಆಕಾರ ಒಂದೇ ಕಾರಣ ಅಲ್ಲ. ಕೊಂಡು ತಂದ ಸಿಆರ್‌ಪಿ ಬಾಟಲಿಗಳಲ್ಲಿ ಕೆಡದಂತೆ ಹಾಕಿದ ಸೋಡಿಯಂ ಅಜೈಡ್, ಬ್ಯಾಕ್ಟೀರಿಯಾದ ವಿಷ ಎರಡೂ ಇರುತ್ತಿದ್ದವು. ಕೋಶಗಳು ಕೆರಳಿದ್ದು ಪ್ರೋಟೀನಿಗೋ, ಆ ಕಲಬೆರಕೆಗೋ ಅಂತ ಜಗಳವೇ ಆಯಿತು. ಲ್ಯಾಬ್‌ನವರಿಗೆ ಇದು ಹೊಸದೇನಲ್ಲ ಬಿಡಿ.

ನಮ್ಮ ಮಷೀನ್ ಅಳೆಯೋದು ಇಡೀ ಬಳೆಯನ್ನು. ಬಿಡಿ ತುಂಡು ನೀರಿನಲ್ಲಿ ಸರಿಯಾಗಿ ಕರಗಲ್ಲ, ಉರಿಯೂತ ಇದ್ದ ಜಾಗದಲ್ಲೇ ಅಂಟಿಕೊಳ್ಳುತ್ತದೆ. ನಿಮ್ಮ ಅವ್ವನ ಟ್ಯೂಬಿನಲ್ಲಿ ಅದನ್ನು ಹುಡುಕಲು ಮಾಮೂಲಿ ಟೆಸ್ಟ್ ಇಲ್ಲ. ಹಾಗಾಗಿ 46 ಅನ್ನೋದು ಲಿವರ್ ಎಷ್ಟು ತಯಾರಿಸುತ್ತಿದೆ ಅನ್ನೋದರ ಲೆಕ್ಕ. ರಕ್ತಕ್ಕೆ ಬಂದ ಸಿಆರ್‌ಪಿ ಸುಮಾರು 19 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಆರೋಗ್ಯವಂತರಲ್ಲೂ ರೋಗಿಯಲ್ಲೂ ಒಂದೇ ಥರ. ಅದಕ್ಕೇ ಚಿಕಿತ್ಸೆ ಹಿಡಿದರೆ ಅಂಕಿ ಬೇಗ ಬೀಳುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾದ ಪುರಾವೆ ಬೇರೆ ಕಡೆಯದು. ಹುಟ್ಟಿನಿಂದಲೇ ಜೀನ್ ಕಾರಣಕ್ಕೆ ಸಿಆರ್‌ಪಿ ಸ್ವಲ್ಪ ಜಾಸ್ತಿ ಇರುವವರಿದ್ದಾರೆ. ಅವರಿಗೆ ಆ ಕಾರಣಕ್ಕೆ ಹೃದ್ರೋಗ ಹೆಚ್ಚಾಗಿ ಬರುವುದಿಲ್ಲ ಅಂತ ದೊಡ್ಡ ಅಧ್ಯಯನಗಳು ತೋರಿಸಿವೆ. ರಕ್ತದಲ್ಲಿ ಎಷ್ಟಿದೆ ಅನ್ನೋದಕ್ಕಿಂತ, ಎಲ್ಲಿ ಹೋಗಿ ಒಡೆಯಿತು ಅನ್ನೋದೇ ಮುಖ್ಯ ಇರಬೇಕು ಅಂತ ನನಗನಿಸುತ್ತದೆ.

ಇದನ್ನು ತಡೆಯುವ ಪ್ರಯತ್ನವೂ ನಡೆದಿದೆ. 2006ರಲ್ಲಿ ಲಂಡನ್ನಿನ ಮಾರ್ಕ್ ಪೆಪಿಸ್ ತಂಡ ಎರಡು ಬಳೆಗಳನ್ನು ಮುಖಾಮುಖಿ ಜೋಡಿಸಿ ಅಂಟುವ ಮುಖ ಮುಚ್ಚಿಬಿಡುವ ಸಣ್ಣ ಅಣುವೊಂದನ್ನು ಮಾಡಿತು. ಮನುಷ್ಯರ ಸಿಆರ್‌ಪಿ ಕೊಟ್ಟ ಇಲಿಗಳಲ್ಲಿ ಹೃದಯಕ್ಕಾಗುವ ಹಾನಿ ಕಡಿಮೆಯಾಯಿತು. ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆ ಮಾತ್ರ ಇನ್ನೂ ಆಗಿಲ್ಲ. 'ಸಿಆರ್‌ಪಿ ಇಳಿಸುವ ಪುಡಿ' ಅಂತ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ಅವ್ವನ ಮುಂದಿನ ಟೆಸ್ಟ್ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಸಂಧಿವಾತಕ್ಕೆ ಕೊಡುವ ಟೋಸಿಲಿಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದ್ದರೆ ಅದನ್ನು ಎಲ್ಲಾ ಡಾಕ್ಟರಿಗೂ ಹೇಳಿ. ಅದು ಐಎಲ್-6 ಸಂಕೇತವನ್ನೇ ತಡೆಯುತ್ತದೆ, ಹಾಗಾಗಿ ಸೋಂಕು ಇದ್ದರೂ ಸಿಆರ್‌ಪಿ ಏರದೇ ಇರಬಹುದು.